ಜೋಡಣೆಯಲ್ಲಿ ಕಳೆದ ಓಣಿ

ಗೋಪನಕೊಪ್ಪದ ನಕಾಶೆಯನ್ನು ಕದ್ದು ಕೊಟ್ಟವನು ನಾನು. ಅದನ್ನು ಬರೆದವಳು ನನ್ನ ಅಕ್ಕ ವಿಮಲಾ. ನಕಾಶೆಯ ಕೆಳಗಿನ ಮೂಲೆಯಲ್ಲಿ ಅವಳು ಸಣ್ಣ ಅಕ್ಷರದಲ್ಲಿ ಬರೆದುಕೊಂಡಿದ್ದ ತನ್ನ ಹೆಸರಿನ ಮೇಲೆ ಬಿಳಿ ಕಾಗದದ ತುಂಡೊಂದನ್ನು ಇಟ್ಟು, ಝೆರಾಕ್ಸ್ ಯಂತ್ರದ ಮುಚ್ಚಳ ಮುಚ್ಚಿ, ಗುಂಡಿ ಒತ್ತಿದವನು ನಾನು. ಆಮೇಲೆ, ಇದನ್ನು ಯಾರು ಮಾಡಿರಬಹುದು ಎಂದು ಅವಳು ನನ್ನನ್ನೇ ಕೇಳಿದಾಗ ಇನ್ನೊಬ್ಬರ ಕಡೆ ಕೈ ತೋರಿಸಿದವನೂ ನಾನೇ.

ಇಷ್ಟನ್ನು ಮೊದಲೇ ಬರೆದುಬಿಟ್ಟೆ. ಹಿಂದಿನದನ್ನೆಲ್ಲ ಹೇಳುತ್ತ ಹೋದರೆ ನಡುವೆ ಎಲ್ಲೋ ಒಂದು ಕಡೆ ನನ್ನನ್ನು ನಾನು ಒಳ್ಳೆಯವನನ್ನಾಗಿ ಮಾಡಿಕೊಂಡುಬಿಡುತ್ತೇನೆ — ಅದು ನನಗೆ ರೂಢಿಯಾಗಿದೆ. ಏಳೆಂಟು ವರ್ಷ ಅದನ್ನೇ ಮಾಡಿದ್ದೇನೆ.

ನಾನು ಹೆಚ್ಚು ಓದಿದವನಲ್ಲ. ಹತ್ತನೆಯ ತರಗತಿ ದಾಟಲಿಲ್ಲ. ನಮ್ಮ ಅಪ್ಪ ಮಿಷನ್ ಶಾಲೆಯೊಂದರಲ್ಲಿ ಬಡಗಿಯಾಗಿದ್ದರು. ಮುರಿದ ಬೆಂಚುಗಳನ್ನು ರಿಪೇರಿ ಮಾಡುತ್ತ ನಮ್ಮಿಬ್ಬರನ್ನೂ ಅದೇ ಶಾಲೆಗೆ ಕಳಿಸಿದರು. ನಾನು ಬೆಂಚಿನ ಮೇಲೆ ಕುಳಿತದ್ದಕ್ಕಿಂತ ಅಪ್ಪನ ಜೊತೆ ಬೆಂಚು ಹಿಡಿದುಕೊಂಡು ನಿಂತದ್ದೇ ಹೆಚ್ಚು. ಅಕ್ಕ ಹಾಗಲ್ಲ. ಅವಳ ಕೈಯಲ್ಲಿ ಗೆರೆ ಇತ್ತು. ನಕಾಶೆ ಬರೆಯುವ ತರಬೇತಿ ಮುಗಿಸಿ ಹುಬ್ಬಳ್ಳಿಯ ಒಬ್ಬ ಎಂಜಿನಿಯರರ ಕಚೇರಿಯಲ್ಲಿ ಟ್ರೇಸರ್ ಆಗಿ ಸೇರಿದಳು. ಪಾರದರ್ಶಕ ಹಾಳೆಯನ್ನು ಮೂಲ ನಕಾಶೆಯ ಮೇಲೆ ಹಾಸಿ, ಶಾಯಿಯಲ್ಲಿ ಒಂದೊಂದೇ ಗೆರೆ ಎಳೆಯುವ ಕೆಲಸ. ಅಲ್ಲಿ ಅವಳಿಗೆ ಪೆನ್ನು ಹಿಡಿಯುವುದರಿಂದ ಹಿಡಿದು ಎಲ್ಲವನ್ನೂ ಕಲಿಸಿದವರು ಕುಲಕರ್ಣಿ ಸರ್. ವಯಸ್ಸಿನಲ್ಲಿ ಹಿರಿಯರು, ಧಾರವಾಡದವರು, ಮಾತು ಕಡಿಮೆ. ಅಕ್ಕ ಮನೆಗೆ ಬಂದರೆ ಅವರ ಮಾತೇ. ಸರ್ ಹಾಗೆಂದರು, ಸರ್ ಹೀಗೆಂದರು.

ಕಚೇರಿಗೆ ಕಂಪ್ಯೂಟರು ಬಂದ ಮೇಲೆ ಟ್ರೇಸರ್ ಕೆಲಸ ಹೋಯಿತು. ಸರ್ ನಿವೃತ್ತರಾದರು, ಅಕ್ಕನನ್ನು ಕಚೇರಿಯವರು ಕಡತ ಜೋಡಿಸುವುದಕ್ಕೆ ಇಟ್ಟುಕೊಂಡರು. ಆಗ ಅವಳು ಸಂಜೆ ಹೊತ್ತು, ಭಾನುವಾರ ಚರ್ಚಿನ ಆರಾಧನೆ ಮುಗಿದ ಮೇಲೆ, ನಾವಿದ್ದ ಗೋಪನಕೊಪ್ಪದ ಓಣಿಗಳಲ್ಲಿ ತಿರುಗಾಡತೊಡಗಿದಳು. ಕೈಯಲ್ಲಿ ಒಂದು ರಟ್ಟು, ಪೆನ್ಸಿಲ್ಲು, ಹೆಗಲಿಗೆ ಅಳತೆಯ ಟೇಪು. ಫೋನಿನಲ್ಲಿ ನಕಾಶೆ ಇದೆಯಲ್ಲ ಎಂದು ನಾನು ನಕ್ಕಿದ್ದೆ. ಆ ನಕಾಶೆ ನಂಬಿಕೊಂಡು ಗ್ಯಾಸಿನ ಗಾಡಿ ಹಿಂದಿನ ವಾರ ಗೋಡೆಗೆ ಮುಖ ಕೊಟ್ಟು ನಿಂತಿತ್ತು ಎಂದಳು. ಯಾವ ಓಣಿ ಮುಂದೆ ಮುಚ್ಚಿದೆ, ಯಾವುದರಲ್ಲಿ ಆಟೊ ತಿರುಗುತ್ತದೆ, ಯಾವ ಮೂಲೆಯಲ್ಲಿ ಬೋರಿದೆ, ಯಾವ ಮನೆಗೆ ಹಿಂದಿನಿಂದ ಬಾಗಿಲಿದೆ — ಎಲ್ಲ ಬರೆದಳು. ಮನೆ ಮನೆಗೆ ಹೋಗಿ ಕೇಳಿದಳು. ಕುಳಿತು ಚಹಾ ಕುಡಿದಳು. ಮೊದಮೊದಲು ಕೆಲವು ಸಲ ಟೇಪಿನ ಇನ್ನೊಂದು ತುದಿ ನಾನು ಹಿಡಿದಿದ್ದೆ. ಆಮೇಲೆ ಬೇಸರ ಬಂದು ಬಿಟ್ಟೆ. ಆದರೆ ಆ ತುದಿ ಹಿಡಿದದ್ದನ್ನು ಮಾತ್ರ ಮರೆಯಲಿಲ್ಲ — ಅದರಿಂದ ನನಗೂ ಆ ನಕಾಶೆಯಲ್ಲಿ ಪಾಲಿದೆ ಎಂದು ಒಳಗೊಳಗೇ ಅಂದುಕೊಂಡಿದ್ದೆ.

ಗೋಪನಕೊಪ್ಪ ಮುಗಿದ ಮೇಲೆ ಗಬ್ಬೂರ, ಆಮೇಲೆ ಉಳಿದ ಬಡಾವಣೆಗಳು, ಕೊನೆಗೆ ಎಲ್ಲ ಸೇರಿ ಒಂದು ಪುಸ್ತಕ. ಅವಳ ಆಸೆ ಅಷ್ಟು. ಮದುವೆ, ಮನೆ, ಇವು ಯಾವುದರ ಬಗ್ಗೆಯೂ ಅವಳು ಅಷ್ಟು ಆಸೆಯಿಂದ ಮಾತಾಡಿದ್ದನ್ನು ನಾನು ಕೇಳಿಲ್ಲ.

ಇನ್ನು ನನ್ನ ಅಂಗಡಿ. ಕೋರ್ಟಿನ ಹತ್ತಿರದ ಒಂದು ಸಣ್ಣ ಗಾಳೆ, ಒಂದೇ ಕೋಣೆಯ ಮಳಿಗೆ; ಅದರಲ್ಲಿ ಝೆರಾಕ್ಸ್ ಯಂತ್ರ, ಲ್ಯಾಮಿನೇಶನ್ನು, ಸ್ಟಾಂಪ್ ಪೇಪರಿಗೆ ಬಂದವರು ಕೂಡುವುದಕ್ಕೆ ಒಂದು ಸ್ಟೂಲು. ಅಂಗಡಿ ಶುರು ಮಾಡಿದಾಗ ಅಕ್ಕನೇ ಒಂದು ಫಲಕ ಬರೆದುಕೊಟ್ಟಳು: ಪೂರ್ತಿ ಪುಸ್ತಕ ಮತ್ತು ನಕಾಶೆಗಳನ್ನು ಒಡೆಯರ ಒಪ್ಪಿಗೆ ಇಲ್ಲದೆ ಪ್ರತಿ ತೆಗೆಯುವುದಿಲ್ಲ. ನಕಾಶೆ ಯಾಕೆ ಎಂದು ಕೇಳಿದ್ದೆ. ಕಾನೂನಿನ ಕಣ್ಣಿಗೆ ನಕಾಶೆಯೂ ಚಿತ್ರದ ಹಾಗೆಯೇ, ಬರೆದವರದೇ ಹಕ್ಕು ಎಂದು ತಿಳಿಸಿ ಹೇಳಿದಳು. ಎಲ್ಲಿಯೂ ನೋಂದಣಿ ಮಾಡಿಸದಿದ್ದರೂ ಹಕ್ಕು ಹಕ್ಕೇ. ವಿದ್ಯಾರ್ಥಿ ತನ್ನ ಓದಿಗೆ ಒಂದು ಭಾಗ ತೆಗೆದುಕೊಂಡರೆ ಅದು ಬೇರೆ. ಅಂಗಡಿಯವನು ಇಡೀ ನಕಾಶೆ ತೆಗೆದು ಮಾರಿದರೆ ಅದು ತಪ್ಪು. ಗೆರೆ ಊರಿನದು ಅಂತ ಅನಿಸುತ್ತದೆ, ರಸ್ತೆ ಎಲ್ಲರದು ಅಂತ ಅನಿಸುತ್ತದೆ. ಆದರೆ ಆ ರಸ್ತೆಯನ್ನು ಹಾಳೆಯ ಮೇಲೆ ತಂದವರು ಒಬ್ಬರಿರುತ್ತಾರೆ.

ಈ ಮಾತನ್ನು ನಾನು ಎಷ್ಟು ಚೆನ್ನಾಗಿ ಕಲಿತೆನೆಂದರೆ ಬಂದವರಿಗೆಲ್ಲ ಪಾಠ ಹೇಳುತ್ತಿದ್ದೆ. ಉಪ್ಪಿನಬೆಟಗೇರಿಯ ರೈತರೊಬ್ಬರು ಹಳೆಯ ಗ್ರಾಮ ನಕಾಶೆ ಹಿಡಿದುಕೊಂಡು ಬಂದಿದ್ದರು, ಹೊಲದ ದಾರಿಯ ತಕರಾರು. ನಕಾಶೆ ಸರಕಾರದ್ದು ಇರ್ತೈತ್ರಿ ಯಜಮಾನ್ರ, ಕಚೇರಿಯಿಂದ ಸಿಕ್ಕಾ ಹಾಕಿದ ಪ್ರತಿನ ತಗೋಬೇಕ್ರಿ ಎಂದು ತಿರುಗಿ ಕಳಿಸಿದ್ದೆ. ಅಷ್ಟು ದೂರದಿಂದ ಬಂದವರು. ಹಿಂದೆ ನಿಂತಿದ್ದ ವಕೀಲರೊಬ್ಬರು ಮೆಚ್ಚಿದರು. ನನಗೆ ಹೆಮ್ಮೆ.

ಪರರ ನಕಾಶೆಗೆ ನಾನು ಅಷ್ಟು ಕಾವಲಿದ್ದೆ. ಆದರೆ ಅಕ್ಕನದು — ಅಕ್ಕನದು ನಮ್ಮ ಮನೆಯದಲ್ಲವೆ? ಮನೆಯ ವಸ್ತುವಿಗೆ ಯಾರ ಒಪ್ಪಿಗೆ ಕೇಳಬೇಕು? ಅಕ್ಕ ಮಾಡಿದ ರೊಟ್ಟಿ ತಿನ್ನುವಾಗ ಕೇಳುತ್ತೇವೆಯೆ? ನನ್ನ ಮನಸ್ಸಿನಲ್ಲಿ ಅವಳು ಒಡೆಯಳೆಂದು ಒಂದು ದಿನವೂ ಬರಲಿಲ್ಲ. ಅವಳು ಅಕ್ಕ. ಅಷ್ಟೇ.

ನಕಾಶೆ ಮುಗಿದಾಗ ಅವಳು ಮೂಲ ಹಾಳೆಯನ್ನು ಕೊಳವೆಯಲ್ಲಿ ಸುತ್ತಿಕೊಂಡು ಅಂಗಡಿಗೆ ತಂದಳು. ಬಡಾವಣೆಯ ವರ್ತಕರ ಸಂಘದವರು ಅಚ್ಚಿನ ಖರ್ಚು ಹಾಕಲು ಒಪ್ಪಿದ್ದರು. ಅವರಿಗೆ ತೋರಿಸುವ ಮೊದಲು ತಿದ್ದುಪಡಿ ಗುರುತು ಹಾಕಿಕೊಳ್ಳಲು ಅವಳಿಗೆ ಒಂದು ಪ್ರತಿ ಬೇಕಿತ್ತು. ನನ್ನ ಯಂತ್ರದ ಗಾಜು ಚಿಕ್ಕದು; ಅಷ್ಟು ದೊಡ್ಡ ಹಾಳೆ ಒಂದೇ ಸಲಕ್ಕೆ ಕೂಡುವುದಿಲ್ಲ. ನಾಲ್ಕು ತುಂಡಾಗಿ ತೆಗೆದು ಅಂಟಿಸಬೇಕು. ನಮ್ಮ ಕಸುಬಿನವರಿಗೆ ಗೊತ್ತಿರುವ ಒಂದು ಸಂಗತಿ ಇದೆ: ಯಂತ್ರ ಪ್ರತಿ ಹಾಳೆಯ ಅಂಚಿಗೆ ಒಂದಿಷ್ಟು ಬಿಳಿ ಜಾಗ ಬಿಡುತ್ತದೆ. ಅದಕ್ಕೆ ಒಂದು ತುಂಡಿನ ಅಂಚಿನದು ಇನ್ನೊಂದು ತುಂಡಿನಲ್ಲೂ ಬರುವ ಹಾಗೆ ಸರಿಸಿ ತೆಗೆಯಬೇಕು. ಆಮೇಲೆ ಒಂದು ಹಾಳೆಯ ಅಂಚನ್ನು ಮಾತ್ರ ಕತ್ತರಿಸಿ, ಇನ್ನೊಂದರ ಮೇಲೆ ಗೆರೆಗೆ ಗೆರೆ ಕೂಡಿಸಿ ಅಂಟಿಸಬೇಕು. ಎರಡನ್ನೂ ಕತ್ತರಿಸಿದರೆ ನಡುವಿನದು ಹೋಗುತ್ತದೆ. ಅಕ್ಕನಿಗೆ ಕೊಟ್ಟ ಪ್ರತಿಯನ್ನು ನಾನು ಹಾಗೆ ಜೋಪಾನವಾಗಿ ಜೋಡಿಸಿದ್ದೆ. ಅವಳು ಅದರ ಮೇಲೆ ಕೈಯಾಡಿಸಿ, ಜೋಡಿಸಿದ್ದ ಕಾಣವಲ್ದಲ್ಲೋ ತಮ್ಮಾ ಎಂದಿದ್ದಳು. ಮೂಲ ಹಾಳೆ ಆ ದಿನ ಅಂಗಡಿಯಲ್ಲೇ ಉಳಿಯಿತು. ಮರುದಿನ ಒಯ್ಯುತ್ತೇನೆಂದು ಹೋದಳು.

ಆ ಮರುದಿನ ಬೆಳಿಗ್ಗೆ ಮಹಾಂತೇಶ ಬಂದ.

ಮಹಾಂತೇಶ ಜಾಹೀರಾತಿನ ಏಜೆಂಟ. ಅಂಗಡಿಗಳಿಂದ ಜಾಹೀರಾತು ತೆಗೆದುಕೊಂಡು ಬಡಾವಣೆಗಳ ಮಾರ್ಗದರ್ಶಿ ಪುಸ್ತಕ ಅಚ್ಚು ಹಾಕಿಸುತ್ತಿದ್ದ. ಮೆತ್ತಗಿನ ಮಾತು. ಎಲ್ಲರೂ ನನ್ನನ್ನು ಏ ಝೆರಾಕ್ಸ್ ಎಂದು ಕರೆಯುವಾಗ ಅವನೊಬ್ಬ ಮಾಲಕರ ಎನ್ನುತ್ತಿದ್ದ. ನನಗೂ ಚಹಾ ತರಿಸುತ್ತಿದ್ದ. ಮೇಜಿನ ಮೇಲೆ ಹರವಿದ್ದ ಹಾಳೆಯನ್ನು ನೋಡಿ ಬಹಳ ಹೊತ್ತು ನಿಂತ. ಯಾರು ಬರೆದದ್ದು ಎಂದ. ನಮ್ಮ ಮನಿದ ಎಂದೆ. ಹಾಗೆಯೇ ಹೇಳಿದೆ — ನಮ್ಮ ಅಕ್ಕಂದು ಎನ್ನಲಿಲ್ಲ. ಅದನ್ನು ಎಷ್ಟು ಸಲ ನೆನಪಿಸಿಕೊಂಡರೂ ಬಾಯಿಂದ ಅದೇ ಮಾತು ಬರುತ್ತದೆ.

"ಒಂದ ಪ್ರತಿ ಮಾಡಿ ಕೊಡ್ರಿ ಮಾಲಕರ," ಎಂದ. "ಮೂಲಿಯಾಗಿನ ಹೆಸರ ಬ್ಯಾಡ. ಬರೇ ನಕಾಶಿ ಸಾಕು."

ಹೆಸರು ಬೇಡ ಎಂದಾಗ ನನಗೆ ತಿಳಿಯಲಿಲ್ಲವೆ? ತಿಳಿಯಿತು. ಅಂಗಡಿಯ ಗೋಡೆಯ ಮೇಲೆ ಅಕ್ಕನ ಕೈಯಕ್ಷರದ ಫಲಕ ಇತ್ತು. ನಾನು ಅದಕ್ಕೆ ಬೆನ್ನು ಮಾಡಿ ನಿಂತಿದ್ದೆ. ಅವನು ಕೊಟ್ಟದ್ದು ಮಾಮೂಲು ಝೆರಾಕ್ಸಿನ ಹಣವೇ. ಹಣಕ್ಕಾಗಿ ಮಾಡಿದೆ ಎಂದರೆ ಅದಾದರೂ ಒಂದು ಕಾರಣವಾಗುತ್ತಿತ್ತು. ನಾನು ಮಾಡಿದ್ದು ಮಾಲಕರ ಎನಿಸಿಕೊಂಡದ್ದಕ್ಕೆ. ನನ್ನ ಕೈಯಲ್ಲಿಯೂ ಯಾರಿಗೋ ಬೇಕಾದ ವಸ್ತು ಇದೆ ಎಂದು ತೋರಿಸುವುದಕ್ಕೆ. ಮತ್ತೆ — ಇದನ್ನು ಬರೆಯುವುದು ಕಷ್ಟ — ಅಕ್ಕನ ಹೆಸರು ಇಲ್ಲದ ಆ ನಕಾಶೆ ಯಂತ್ರದಿಂದ ಹೊರಬಂದಾಗ ನನಗೆ ಒಂದು ರೀತಿ ಹಗುರವೆನಿಸಿತು. ಮನೆಯಲ್ಲಿ, ಚರ್ಚಿನ ಸಭೆಯಲ್ಲಿ, ಓಣಿಯಲ್ಲಿ ಎಲ್ಲೆಲ್ಲೂ ವಿಮಲಾ ವಿಮಲಾ ಎನ್ನುವುದನ್ನು ಕೇಳಿ ಬೆಳೆದವನು ನಾನು.

ಅವನು ಎದುರಿಗೆ ನಿಂತಿದ್ದ. ಅಕ್ಕ ಯಾವ ಹೊತ್ತಿಗೂ ಬರಬಹುದಿತ್ತು. ಗಡಿಬಿಡಿಯಲ್ಲಿ ಎರಡೂ ಹಾಳೆಗಳ ಅಂಚು ಕತ್ತರಿಸಿದೆ. ಗೆರೆಗಳು ಸರಿಯಾಗಿ ಕೂಡಲಿಲ್ಲ. ಒಂದಿಷ್ಟು ಎಳೆದು ಅಂಟಿಸಿದೆ. ನಡುವೆ ಏನು ಹೋಯಿತು ಎಂದು ನೋಡಲಿಲ್ಲ. ಅವನು ಅದನ್ನು ಮಡಿಸಿಕೊಂಡು ಹೋದ. ಅಷ್ಟಕ್ಕೇ ನಿಲ್ಲಿಸಿದೆನೆ? ಇಲ್ಲ. ಆ ಜೋಡಿಸಿದ ಪ್ರತಿಯದೇ ಇನ್ನೊಂದು ಸಣ್ಣ ಪ್ರತಿ ತೆಗೆದು ಇಟ್ಟುಕೊಂಡೆ. ಕೊರಿಯರಿನವರು, ಗ್ಯಾಸಿನವರು ಕೇಳಿದಾಗ ಅದರ ಮೇಲೆ ಪ್ರತಿ ತೆಗೆದು ಕೊಟ್ಟೆ. ಹೆಸರಿಲ್ಲದ ನಕಾಶೆ ಗೋಪನಕೊಪ್ಪದಲ್ಲಿ ಕೈಯಿಂದ ಕೈಗೆ ಹೋಯಿತು — ಅಕ್ಕ ತನ್ನ ಹೆಸರಿನ ಒಂದೇ ಒಂದು ಪ್ರತಿಯನ್ನೂ ಹೊರಗೆ ಕೊಡುವ ಮೊದಲು.

ಕೆಲವೇ ತಿಂಗಳಲ್ಲಿ ಮಹಾಂತೇಶನ ಮಾರ್ಗದರ್ಶಿ ಬಂತು. ನಡುವಿನ ಪುಟದಲ್ಲಿ ನಕಾಶೆ. ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಬದಲಿಸಿದ್ದ, ಗೆರೆಗಳು ಅಕ್ಕನವೇ. ಕೆಳಗೆ ಅವನ ಸಂಸ್ಥೆಯ ಹೆಸರು, ಅದರ ಪಕ್ಕ, ಎಲ್ಲ ಹಕ್ಕುಗಳನ್ನು ಕಾಯ್ದಿರಿಸಿದೆ ಎಂಬ ಸಾಲು.

ಅಕ್ಕನಿಗೆ ಅದು ಮೊದಲು ತಿಳಿದದ್ದು ಶಾಂತವ್ವನಿಂದ. ಹಿಟ್ಟಿನ ಗಿರಣಿಯ ಹಿಂದೆ ಒಂದು ಸಣ್ಣ ಓಣಿ ಇದೆ. ಎರಡು ಗೋಡೆಗಳ ನಡುವೆ ನುಸುಳಿಕೊಂಡು ಹೋಗಬೇಕು. ಶಾಂತವ್ವ ಅಲ್ಲಿ ಬಹಳ ಕಾಲದಿಂದ ಇರುವ ಮುದುಕಿ. ನಮ್ಮ ಓಣಿಯನ್ನು ಈವರೆಗೆ ಯಾವ ಕಾಗದದಲ್ಲೂ ಯಾರೂ ಹಾಕಿಲ್ಲ, ನೀನಾದರೂ ಹಾಕು ಎಂದು ಅಕ್ಕನಿಗೆ ಹೇಳಿದ್ದಳಂತೆ. ಅಕ್ಕ ಹಾಕಿದ್ದಳು. ಆದರೆ ಅಚ್ಚಾದ ನಕಾಶೆಯಲ್ಲಿ ಆ ಓಣಿ ಇರಲಿಲ್ಲ. ಓಣಿಯ ಹುಡುಗರು ಪುಸ್ತಕ ತಂದು ತೋರಿಸಿದ್ದರು. ಹಾದಿಯಲ್ಲಿ ಅಕ್ಕನನ್ನು ನಿಲ್ಲಿಸಿ, ಪಕ್ಕದಲ್ಲಿದ್ದ ನನ್ನ ಮುಂದೆಯೇ ಶಾಂತವ್ವ ಕೇಳಿದಳು:

"ನಮ್ಮ ಮನ್ಯಾಗ ಕುಂತು ಚಾ ಕುಡದಿ. ಮೊಮ್ಮಕ್ಕಳ ಹೆಸರ ಸೈತ ಕೇಳಿದಿ. ಕಡೀಕ ನಮ್ಮ ಓಣಿನ ನುಂಗಿ ನೀರ ಕುಡದೆಲ್ಲವಾ."

ಅಕ್ಕ ಆ ಪುಸ್ತಕವನ್ನು ಕೈಗೆ ತೆಗೆದುಕೊಂಡು ಅಲ್ಲಿಯೇ ನಿಂತು ನೋಡಿದಳು. ನನಗೆ ಆಗ ಗೊತ್ತಾಯಿತು, ಕತ್ತರಿಯ ಕೆಳಗೆ ಬಿದ್ದದ್ದು ಏನು ಎಂದು.

ಸಂಘದವರು ಹಿಂದೆ ಸರಿದರು. ಈ ನಕಾಶೆ ಆಗಲೇ ಬಂದಿದೆಯಲ್ಲ ಎಂದರು. ಅಕ್ಕ ಮಹಾಂತೇಶನ ಹತ್ತಿರ ಹೋದಳು. ಅವನು ಅದೇ ಮೆತ್ತಗಿನ ಮಾತಿನಲ್ಲಿ, ಇದು ಊರಲ್ಲೆಲ್ಲ ಸಿಗುವ ನಕಾಶೆ, ಹೆಸರಿರುವ ಒಂದು ಪ್ರತಿ ಯಾರ ಹತ್ತಿರವಾದರೂ ಇದ್ದರೆ ತೋರಿಸಿರಿ ಎಂದನಂತೆ. ನಿಮ್ಮ ಹಾಳೆಯನ್ನು ನೀವೇ ನಮ್ಮ ಪುಸ್ತಕ ನೋಡಿ ಬರೆದಿಲ್ಲ ಎಂದು ಹೇಗೆ ಹೇಳುವುದು ಎಂದೂ ಕೇಳಿದನಂತೆ. ಸಂಘದ ಒಬ್ಬರು ಅದನ್ನೇ ಹಿಡಿದುಕೊಂಡು ಅಕ್ಕನದೇ ಕಾಪಿ ಎಂದು ಹಬ್ಬಿಸಿದರು. ಇಪ್ಪತ್ತು ವರ್ಷ ಬೇರೆಯವರ ಗೆರೆಯ ಮೇಲೆ ಗೆರೆ ಎಳೆದವಳು, ಸ್ವಂತದ್ದು ಹೇಗೆ ಬರೆದಾಳು ಎಂದು ಯಾರೋ ನಕ್ಕರಂತೆ.

ಆ ಸಂಜೆ ಅವಳು ಅಂಗಡಿಗೆ ಬಂದಳು. ಅಚ್ಚಾದ ನಕಾಶೆಯನ್ನು ಮೇಜಿನ ಮೇಲಿಟ್ಟು ಬೆರಳಿನಿಂದ ನಡುವೆ ಒಂದು ಗೆರೆ ಎಳೆದಳು. ನೋಡು, ಇಲ್ಲಿ ರಸ್ತೆ ಮುರಿದಿದೆ, ಇಲ್ಲಿ ಚರಂಡಿ ಮುರಿದಿದೆ, ಎಲ್ಲ ಒಂದೇ ಸಾಲಿನಲ್ಲಿ ಎಂದಳು. ಇದು ನನ್ನ ಹಾಳೆ ನೋಡಿ ಬರೆದದ್ದಲ್ಲ, ಝೆರಾಕ್ಸ್ ತುಂಡುಗಳನ್ನು ಜೋಡಿಸಿದ್ದು. ಜೋಡಿಸಿದವನು ಎರಡೂ ಅಂಚು ಕತ್ತರಿಸಿದ್ದಾನೆ. ಅಷ್ಟು ಸರಿಯಾಗಿ ಕಂಡುಹಿಡಿದಿದ್ದಳು. ಆದರೂ ನನ್ನ ಮೇಲೆ ಅವಳಿಗೆ ಸಂಶಯ ಬರಲಿಲ್ಲ. ನಾನು ಕೊಟ್ಟ ಪ್ರತಿಯಲ್ಲಿ ಓಣಿ ಇತ್ತಲ್ಲ. ನಾನು ಜೋಡಿಸಿದರೆ ಕಾಣುವುದಿಲ್ಲವಲ್ಲ.

"ನೀ ಈ ಧಂದೇದಾಗ ಇದ್ದಾಂವ. ನಿನಗ ಗೊತ್ತಾಗತೈತಿ," ಎಂದಳು. "ಯಾರ ಕೈ ಇದು, ತಮ್ಮಾ?"

ಅಲ್ಲಿಯೇ ಹೇಳಬಹುದಿತ್ತು. ಅಂಗಡಿಯಲ್ಲಿ ಯಾರೂ ಇರಲಿಲ್ಲ. ಅವಳು ಬೈಯುತ್ತಿದ್ದಳು, ಅಳುತ್ತಿದ್ದಳು, ಕೆಲವು ದಿನ ಮಾತು ಬಿಡುತ್ತಿದ್ದಳು. ಆಮೇಲೆ ನನ್ನನ್ನು ಕರೆದುಕೊಂಡು ಸಂಘದವರ ಹತ್ತಿರ ಹೋಗುತ್ತಿದ್ದಳು, ನಾನು ಇದ್ದದ್ದು ಇದ್ದ ಹಾಗೆ ಹೇಳುತ್ತಿದ್ದೆ, ಪುಸ್ತಕ ಬರುತ್ತಿತ್ತು. ಅದೆಲ್ಲ ಅರೆಕ್ಷಣದಲ್ಲಿ ಕಣ್ಣಿಗೆ ಕಟ್ಟಿತು — ಕಟ್ಟಿತು, ನಿಜ. ಆದರೆ ಬಾಯಿಂದ ಬಂದದ್ದು ಬೇರೆ.

"ಮೂಲ ಹಾಳಿ ನೀ ಕುಲಕರ್ಣಿ ಸರ್ ಮನ್ಯಾಗ ಎರಡ ದಿನ ಬಿಟ್ಟ ಬಂದಿದ್ದೆಲ್ಲ, ಅಕ್ಕಾ."

ಅಷ್ಟೇ ಹೇಳಿದೆ. ಅವರೇ ಎನ್ನಲಿಲ್ಲ. ತಿದ್ದಿ ಕೊಡಲಿ ಎಂದು ಅವಳು ಹಾಳೆಯನ್ನು ಅವರ ಮನೆಯಲ್ಲಿ ಇಟ್ಟು ಬಂದದ್ದು ನಿಜ. ನಿಜವಾದ ಮಾತನ್ನೇ ಹೇಳಿ ಇಷ್ಟು ದೊಡ್ಡ ಸುಳ್ಳನ್ನು ಹೇಳಬಹುದೆಂದು ಆ ದಿನ ಕಲಿತೆ. ಅಕ್ಕ ಪುಸ್ತಕವನ್ನು ಅಲ್ಲಿಯೇ ಬಿಟ್ಟು ಎದ್ದು ಹೋದಳು.

ಅವಳು ಸರ್ ಅವರನ್ನು ಏನೂ ಕೇಳಲಿಲ್ಲ. ಕೇಳಿದ್ದರೆ ಎಲ್ಲ ಹೊರಬೀಳುತ್ತಿತ್ತು. ನಮ್ಮ ಅಕ್ಕನ ಸ್ವಭಾವ ಹಾಗಲ್ಲ — ಗುರುವಿನ ಸ್ಥಾನದಲ್ಲಿದ್ದವರನ್ನು ಎದುರಿಗೆ ನಿಲ್ಲಿಸಿ ಕೇಳುವುದು ಅವಳಿಂದ ಆಗುವ ಮಾತಲ್ಲ. ನನಗೆ ಅದು ಗೊತ್ತಿತ್ತು. ಗೊತ್ತಿದ್ದೇ ಅವರ ಹೆಸರು ಹೇಳಿದ್ದೆ. ಅವಳು ಸುಮ್ಮನೆ ಅವರ ಮನೆಗೆ ಹೋಗುವುದನ್ನು ಬಿಟ್ಟಳು. ಫೋನ್ ಬಂದರೆ ಎತ್ತಲಿಲ್ಲ.

ಒಂದು ದಿನ ಅವರೇ ಬಂದರು. ಧಾರವಾಡದಿಂದ ಬಸ್ಸಿನಲ್ಲಿ, ಆ ವಯಸ್ಸಿನಲ್ಲಿ. ನಾನು ಮನೆಯಲ್ಲಿದ್ದೆ. ಬಾಗಿಲು ತೆರೆದು, ಕುರ್ಚಿ ಹಾಕಿ, ನೀರು ಕೊಟ್ಟವನು ನಾನೇ. ಅಕ್ಕ ಒಳಗಿನಿಂದ ಬಂದು ಗೋಡೆಗೆ ಒರಗಿ ನಿಂತಳು.

"ಯಾಕವಾ ವಿಮಲಾ, ಮನಿ ಕಡೆ ಬರವಲ್ಲಿ," ಎಂದರು. "ನನ್ನಿಂದೇನರೆ ತಪ್ಪಾಗೇದೇನು?"

ಏನೂ ಇಲ್ರಿ ಸರ್, ಕೆಲಸ ಭಾಳ ಎಂದಳು. ಅವರು ನನ್ನ ಕಡೆ ನೋಡಿದರು, ಇವನಾದರೂ ಹೇಳಿಯಾನೇ ಎನ್ನುವ ಹಾಗೆ. ನಾನು ಚಹಾ ತರುವ ನೆಪದಲ್ಲಿ ಒಳಗೆ ಹೋದೆ. ಚಹಾ ತರುವಷ್ಟರಲ್ಲಿ ಅವರು ಎದ್ದಿದ್ದರು. ಚಪ್ಪಲಿ ಹಾಕಿಕೊಳ್ಳಲು ಬಾಗಿಲ ಚೌಕಟ್ಟು ಹಿಡಿದುಕೊಂಡು ತಡಕಾಡುತ್ತಿದ್ದರು. ನಾನು ಹೋಗಿ ಕೈ ಹಿಡಿಯಬೇಕಿತ್ತು. ಹಿಡಿಯಲಿಲ್ಲ. ಮರುವರ್ಷ ಅವರು ತೀರಿಕೊಂಡರು. ಸುದ್ದಿ ಬಂದಾಗ ಅಕ್ಕ ಸೀರೆ ಬದಲಿಸಿ ಹೊರಡಲು ನಿಂತಳು, ಆಮೇಲೆ ಕುಳಿತುಬಿಟ್ಟಳು. ಹೋಗಲಿಲ್ಲ.

ಆಗಿನಿಂದ ನಾನು ಚರ್ಚಿನಲ್ಲಿ ಕರ್ತನ ಭೋಜನದ ರೊಟ್ಟಿ ತೆಗೆದುಕೊಂಡಿಲ್ಲ. ಸೋದರರ ಜೊತೆ ಮನಸ್ಸು ನೆಟ್ಟಗಿಲ್ಲದೆ ಆ ಮೇಜಿನ ಹತ್ತಿರ ಹೋಗಬಾರದೆಂದು ಚಿಕ್ಕಂದಿನಿಂದ ಕಲಿಸಿದ್ದಾರೆ. ಆ ಭಾನುವಾರಗಳಲ್ಲಿ ಸಾಲು ಮುಂದೆ ಸರಿಯುವಾಗ ನಾನು ಹೊರಗೆ ಹೋಗಿ ಗಾಡಿಗಳ ಹತ್ತಿರ ನಿಲ್ಲುತ್ತಿದ್ದೆ. ಅಕ್ಕ ತಿಳಿದದ್ದು ತಮ್ಮನಿಗೆ ಭಕ್ತಿ ಕಡಿಮೆಯಾಯಿತು ಎಂದು. ನನಗಾಗಿ ಪ್ರಾರ್ಥನೆ ಮಾಡುತ್ತೇನೆಂದು ಹೇಳಿದಳು. ಅದನ್ನು ಕೇಳಿಸಿಕೊಂಡು ಊಟ ಮಾಡಿದೆ.

ಪುಸ್ತಕದ ಮಾತು ನಿಂತಿತು. ಅಕ್ಕ ಅದೇ ಬಡಾವಣೆಯಲ್ಲಿ ಬೇರೆ ಮನೆ ಮಾಡಿಕೊಂಡಳು, ಕಚೇರಿ ಬಿಟ್ಟು ಒಂದು ಶಾಲೆಯಲ್ಲಿ ಮಕ್ಕಳಿಗೆ ಚಿತ್ರ ಕಲಿಸಲು ಸೇರಿದಳು. ಮಾವಿನಹಣ್ಣು, ಹೂದಾನಿ, ಬಾವುಟ. ಗಿರಣಿಯ ಹಿಂದಿನ ಓಣಿಯ ಹಾದಿ ಬಿಟ್ಟು ಸುತ್ತು ಹಾಕಿ ಬಸ್ಸಿಗೆ ಹೋಗುತ್ತಿದ್ದಳು. ಮಹಾಂತೇಶ ಮಾತ್ರ ವರ್ಷ ವರ್ಷ ಮಾರ್ಗದರ್ಶಿ ಹೊಸದಾಗಿ ಅಚ್ಚು ಹಾಕಿಸಿದ, ಅದೇ ನಕಾಶೆ, ಅದೇ ಮುರಿದ ರಸ್ತೆ.

ಕಳೆದ ತಿಂಗಳು ಅಕ್ಕ ಅಂಗಡಿಗೆ ಒಂದು ದೊಡ್ಡ ಕಟ್ಟು ಹೊತ್ತುಕೊಂಡು ಬಂದಳು. ಗೋಪನಕೊಪ್ಪದ ಮೂಲ ಹಾಳೆ, ಗಬ್ಬೂರಿನದು ಅರ್ಧ, ಇನ್ನೂ ಯಾವ ಯಾವುದೋ ಓಣಿಗಳ ಪೆನ್ಸಿಲ್ ಹಾಳೆಗಳು. ಮನೆಯಲ್ಲಿ ಗೆದ್ದಲು ಹಿಡಿಯುತ್ತಿದೆ, ಜಾಗವೂ ಇಲ್ಲ ಎಂದಳು. "ಹಾಳಿ ಛಲೋ ಅದಾವ. ಗಿರಾಕಿಗೋಳಿಗೆ ಸುತ್ತಿ ಕೊಡಾಕ ಬರ್ತಾವ, ಇಟ್ಕೊ," ಎಂದು ಮೇಜಿನ ಮೇಲೆ ಇಟ್ಟಳು. ಹಳೆಯ ಪತ್ರಿಕೆ ಕೊಡುವವರ ಹಾಗೆ. ಅವಳ ದನಿಯಲ್ಲಿ ದುಃಖವೂ ಇರಲಿಲ್ಲ.

ನಾನು ಯಂತ್ರ ಬಂದ್ ಮಾಡಿದೆ. ಸ್ಟೂಲು ಸರಿಸಿ ಕೂಡಲು ಹೇಳಿದೆ. ನಿಂತುಕೊಂಡೇ ಎಲ್ಲ ಹೇಳಿದೆ — ಬಿಳಿ ಕಾಗದ, ಮಹಾಂತೇಶ, ಕತ್ತರಿ, ಕೊರಿಯರಿನವರಿಗೆ ಕೊಟ್ಟ ಪ್ರತಿಗಳು, ಸರ್ ಹೆಸರು. ನಡುವೆ ಒಬ್ಬರು ಆಧಾರ್ ಕಾರ್ಡ್ ಹಿಡಿದುಕೊಂಡು ಬಂದರು. ಮುಂದಿನ ಅಂಗಡಿಗೆ ಹೋಗಿರಿ ಎಂದು ಕಳಿಸಿದೆ.

"ಎಷ್ಟ ಅಗಲ ಕತ್ತರಿಸಿದ್ದಿ?" ಎಂದಳು ಅಕ್ಕ.

ನಾನು ಬೆರಳು ತೋರಿಸಿದೆ. ಒಂದು ಬೆರಳಿನ ಅಗಲ. ಅವಳು ನನ್ನ ಬೆರಳನ್ನೇ ನೋಡಿದಳು.

"ಸರ್ ಮನಿಗೆ ಬಂದಾಗ ನೀ ಅಲ್ಲೇ ಇದ್ದಿ."

"ಹೂಂ. ಇದ್ದೆ."

ಅವಳು ಎದ್ದು ಹಾಳೆಗಳ ಕಟ್ಟನ್ನು ಮತ್ತೆ ಎತ್ತಿಕೊಂಡಳು. ನಾನು ಹಿಡಿದುಕೊಳ್ಳಲು ಹೋದಾಗ ಬೇಡವೆಂದು ಕೈ ಅಡ್ಡ ಮಾಡಿದಳು. ಅಷ್ಟು ಭಾರವನ್ನು ಒಬ್ಬಳೇ ಆಟೊದವರೆಗೆ ಒಯ್ದಳು.

ಆಮೇಲೆ ನಾನು ಒಬ್ಬ ವಕೀಲರ ಹತ್ತಿರ ಹೋದೆ. ನನ್ನ ಅಂಗಡಿಗೆ ಕಾಗದ ತರುವವರೇ. ಹೆಂಗಸು, ನೇರ ಮಾತು. ಪ್ರತಿ ಸಲ ಹೊಸದಾಗಿ ಅಚ್ಚು ಹಾಕಿದಾಗಲೂ ಅದು ಹೊಸ ತಪ್ಪೇ, ಕಾಲ ಮೀರಿಲ್ಲ ಎಂದರು. ಮೂಲ ಹಾಳೆ ಅಕ್ಕನ ಹತ್ತಿರವೇ ಇದೆ. ಮುರಿದ ಗೆರೆ ಎಲ್ಲಿಂದ ಬಂತು ಎಂದು ಹೇಳಬಲ್ಲವನು ನಾನೊಬ್ಬನೇ. ನಾನು ಹೇಳಿದರೆ ಮಹಾಂತೇಶನ ಮಾತು ನಿಲ್ಲುವುದಿಲ್ಲ. ಆದರೆ ಒಪ್ಪಿಗೆ ಇಲ್ಲದೆ ಪ್ರತಿ ತೆಗೆದು ಮಾರಿದವನು ನೀವೂ ಹೌದಲ್ಲ ಎಂದರು. ನೀವು ಮನೆಯವರೇ ಆದ್ದರಿಂದ ನಿಮ್ಮನ್ನು ಬರೀ ಸಾಕ್ಷಿಯಾಗಿ ಇಟ್ಟು ನೋಟಿಸು ಬರೆಯಬಹುದು ಎಂದು ದಾರಿ ತೋರಿಸಿದರು. ಬೇಡ, ನನ್ನ ಅಂಗಡಿಯ ಹೆಸರನ್ನೂ ಹಾಕಿರಿ ಎಂದೆ. ಮನೆಯದು ಎಂದು ಬಿಟ್ಟುಕೊಟ್ಟೇ ಇಷ್ಟೆಲ್ಲ ಆಯಿತಲ್ಲ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು, ಆಮೇಲೆ ಬರೆದುಕೊಂಡರು.

ಶಾಂತವ್ವನ ಹತ್ತಿರವೂ ಹೋಗಿ ಹೇಳಿದೆ. ಅವಳಿಗೆ ಈಗ ಕಿವಿ ಅಷ್ಟು ಕೇಳುವುದಿಲ್ಲ. ಜೋರಾಗಿ ಹೇಳಬೇಕಾಯಿತು, ಓಣಿಗೆಲ್ಲ ಕೇಳುವಷ್ಟು. ಹೇಳಿದೆ. ಧಾರವಾಡದಲ್ಲಿ ಕುಲಕರ್ಣಿ ಸರ್ ಮನೆಗೆ ಹೋದೆ. ಅವರ ಮಗ ಇದ್ದರು. ಎಲ್ಲ ಕೇಳಿ, ವಿಮಲಾ ಯಾಕ ಬರವಲ್ಲಳು ಅಂತ ಅಪ್ಪಾ ಕಡೀತನಾ ಕೇಳ್ತಿದ್ರು ಎಂದರು. ಕುಳಿತುಕೊಳ್ಳಿ ಎನ್ನಲಿಲ್ಲ. ಅದು ಸರಿಯೇ.

ನೋಟಿಸು ತಯಾರಾಗಿದೆ. ಅದರಲ್ಲಿ ಮೊದಲು ಮಹಾಂತೇಶನ ಸಂಸ್ಥೆಯ ಹೆಸರು, ಎರಡನೆಯದು ನನ್ನದು. ಕಳಿಸುವವಳ ಸಹಿಗೆ ಕೆಳಗೆ ಜಾಗ ಬಿಟ್ಟಿದ್ದಾರೆ. ಹೋದ ವಾರ ಅದನ್ನು ಒಯ್ದು ಅಕ್ಕನ ಮೇಜಿನ ಮೇಲೆ ಇಟ್ಟು ಬಂದೆ. ಅವಳು ಓದಿದಳು. ಎರಡನೆಯ ಹೆಸರಿನ ಹತ್ತಿರ ನಿಂತಳು, ಕಾಗದ ಮಡಿಸಿ ಹಾಗೆಯೇ ಇಟ್ಟಳು. ನನ್ನ ಜೊತೆ ಮಾತಾಡುತ್ತಿಲ್ಲ.

ಅವಳು ತಮ್ಮನ ಮೇಲಿನ ನೋಟಿಸಿಗೇ ಸಹಿ ಹಾಕಬೇಕು. ಹಾಕದಿದ್ದರೆ ನಕಾಶೆ ಬೇರೆಯವನದಾಗಿಯೇ ಉಳಿಯುತ್ತದೆ. ಇಂಥ ಕಡೆ ಅವಳನ್ನು ತಂದು ನಿಲ್ಲಿಸಿದವನು ನಾನು. ನನ್ನ ಹೆಸರು ತೆಗೆಸಿದರೆ ಅವಳಿಗೆ ಸುಲಭವಾಗುತ್ತದೆಂದು ವಕೀಲರು ಮತ್ತೊಮ್ಮೆ ಹೇಳಿ ಕಳಿಸಿದ್ದಾರೆ. ಅವಳಿಗೆ ಸುಲಭವಾಗಲಿ ಎಂದು ನಾನು ಒಪ್ಪಿದರೆ, ಅದರಲ್ಲಿ ನನ್ನ ಸುಲಭ ಎಷ್ಟಿದೆ ಎಂದು ನನಗೇ ಗೊತ್ತಾಗುವುದಿಲ್ಲ. ಅದಕ್ಕೆ ತೆಗೆಸಿಲ್ಲ.

ನಿನ್ನೆ ಸಂಜೆ ಅವಳ ಮನೆಯ ಮುಂದೆ ಹಾದು ಬರುವಾಗ ಕಿಟಕಿ ತೆರೆದಿತ್ತು. ಗಬ್ಬೂರಿನ ಅರ್ಧ ಹಾಳೆಯನ್ನು ಗೋಡೆಗೆ ಅಂಟಿಸಿಕೊಂಡು ಅದರ ಮುಂದೆ ನಿಂತಿದ್ದಳು. ನಾನು ಒಳಗೆ ಹೋಗಲಿಲ್ಲ. ನೋಟಿಸಿಗೆ ಅಕ್ಕ ಇನ್ನೂ ಸಹಿ ಮಾಡಿ ಕಳಿಸಿಲ್ಲ. ಮಾಡಲಿ ಎಂದು ದಿನಾ ಅಂಗಡಿ ಬಾಗಿಲು ತೆಗೆದು ಕಾಯುತ್ತಿದ್ದೇನೆ.